ಊರೊಳಗಣ ಊರುಗಳಿಗೆ ವಿದ್ಯಾರ್ಥಿಯಾತ್ರೆ

ಶೈಕ್ಷಣಿಕ ಪ್ರವಾಸವೆಂದೊಡನೆ ನಮ್ಮ ಶಾಲೆಗಳ ಮನಸ್ಸು ದೂರದೂರಿನ ಕಡೆಗೇ ಹರಿಯುತ್ತದೆ. ಚಳಿಗಾಲದ ನಸುಕಿನಲ್ಲಿ ಬಸ್ಸು ಹೊರಡುವುದು, ಬೇಲೂರು ಹಳೇಬೀಡುಗಳ ಶಿಲ್ಪವನ್ನೋ ಹಂಪೆಯ ಕಲ್ಲಿನ ರಥವನ್ನೋ ಜೋಗದ ಧಾರೆಯನ್ನೋ ಕಣ್ತುಂಬ ನೋಡುವುದು, ಬುತ್ತಿಯ ಪುಳಿಯೋಗರೆಯನ್ನು ಹಂಚಿಕೊಂಡು ತಿಂದು ರಾತ್ರಿ ಹಾಡುತ್ತ ಹಿಂದಿರುಗುವುದು, ಇದು ತಲೆಮಾರುಗಳಿಂದ ನಡೆದುಬಂದ ಕ್ರಮ. ಈ ಪ್ರವಾಸಗಳಿಂದ ಮಕ್ಕಳಿಗೆ ಆಗುವ ಲಾಭ ಸಾಮಾನ್ಯವಾದುದಲ್ಲ. ನಾಡಿನ ಪ್ರಾಚೀನ ವೈಭವವನ್ನು ಎಳೆಯ ವಯಸ್ಸಿನಲ್ಲಿ ಒಮ್ಮೆ ಕಂಡವನು ಅದನ್ನು ಬಾಳೆಲ್ಲ ಮರೆಯಲಾರ. ಆದರೆ ಹಳೇಬೀಡನ್ನು ಎರಡು ಬಾರಿ ನೋಡಿಬಂದ ಬೆಂಗಳೂರಿನ ಬಾಲಕನೊಬ್ಬನು, ತನ್ನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಕಬ್ಬನ್‌ಪೇಟೆಯ ಮಗ್ಗದ ಸದ್ದನ್ನು ಒಮ್ಮೆಯೂ ಕೇಳದೆ, ಧರ್ಮರಾಯನ ಗುಡಿಯ ಬೀದಿಯನ್ನು ಒಮ್ಮೆಯೂ ತುಳಿಯದೆ, ತನ್ನ ತರಗತಿಯಲ್ಲಿಯೇ ಪಕ್ಕದ ಹಲಗೆಯ ಮೇಲೆ ಕುಳಿತಿರುವ ಗೆಳೆಯನ ಮನೆಯಲ್ಲಿ ಯಾವ ಭಾಷೆಯನ್ನಾಡುತ್ತಾರೆಂಬುದನ್ನು ಅರಿಯದೆ ಬೆಳೆಯುತ್ತಾನೆಂದರೆ, ಅವನ ವಿದ್ಯಾಭ್ಯಾಸದಲ್ಲಿ ಒಂದು ದೊಡ್ಡ ತೆರಪು ಉಳಿದಿದೆಯೆಂದೇ ಹೇಳಬೇಕು.

ಈ ತೆರಪನ್ನು ತುಂಬುವುದಕ್ಕಾಗಿ ಕೆಲವು ಶಾಲಾ ಕಾಲೇಜುಗಳ ಉಪಾಧ್ಯಾಯರೂ ಇತಿಹಾಸಪ್ರಿಯರೂ ಮಕ್ಕಳ ಚಿಕ್ಕ ಚಿಕ್ಕ ಗುಂಪುಗಳನ್ನು ಕಟ್ಟಿಕೊಂಡು ನಗರದ ಹಳೆಯ ಬಡಾವಣೆಗಳಲ್ಲಿ ಕಾಲ್ನಡಿಗೆಯ ಸಂಚಾರವನ್ನು ನಡೆಸುತ್ತಿರುವುದು ಸಂತೋಷದ ಸಂಗತಿ. ನಗರವನ್ನು ನಡೆದೇ ಅರಿಯಬೇಕೆಂಬ ವಿಚಾರ ಹೊಸದೂ ಅಲ್ಲ. 1914ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಅನೇಕ ಪಟ್ಟಣಗಳ ಓಣಿ ಓಣಿಗಳನ್ನು ಸುತ್ತಿ ನೋಡಿ, ಮುಂದೆ 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್, ಪಟ್ಟಣಕ್ಕೆ ಚಿಕಿತ್ಸೆ ಮಾಡಬೇಕೆನ್ನುವವನು ಮೊದಲು ಅದರ ನಾಡಿಯನ್ನು ಹಿಡಿದು ನೋಡಬೇಕೆಂಬ ತತ್ತ್ವವನ್ನೇ ತನ್ನ ಬೋಧನೆಗೆ ಆಧಾರವಾಗಿ ಇಟ್ಟುಕೊಂಡಿದ್ದನು. ನಗರಸಂಚಾರದ ವಿಷಯದಲ್ಲಿ ನನಗೆ ಹೇಳಬೇಕೆನಿಸುವುದು ಮುಖ್ಯವಾಗಿ ಒಂದೇ ಮಾತು: ಮಕ್ಕಳು ಅಲ್ಲಿಗೆ ಪ್ರೇಕ್ಷಕರಾಗಿ ಹೋಗಬಾರದು, ಅತಿಥಿಗಳಾಗಿ ಹೋಗಬೇಕು. ಜನರನ್ನು ಪ್ರದರ್ಶನದ ವಸ್ತುಗಳಂತೆ ನೋಡಿ ಬಂದ ಮಗುವಿಗೆ ಏನೂ ಪ್ರಯೋಜನವಾಗದು; ಒಂದೇ ಮನೆಯ ಜಗಲಿಯ ಮೇಲೆ ಅರ್ಧ ಗಂಟೆ ಕುಳಿತು ಮನೆಯವರ ಮಾತನ್ನು ಕೇಳಿಬಂದ ಮಗುವಾದರೋ ಒಂದು ಸಮುದಾಯದ ಬಾಳಿನ ಒಳಗನ್ನು ಸ್ವಲ್ಪವಾದರೂ ಕಂಡಿರುತ್ತದೆ.

ಸಂಚಾರಕ್ಕೆ ಮುನ್ನ ಊರು ಬೆಳೆದ ಬಗೆಯನ್ನು ತರಗತಿಯಲ್ಲಿ ವಿವರಿಸುವುದು ಅವಶ್ಯ. ಯಲಹಂಕದ ಪ್ರಭುವಾದ ಕೆಂಪೇಗೌಡನು 1537ರಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿ ಪೇಟೆಯನ್ನು ನೆಲೆಗೊಳಿಸಿದಾಗ, ದೊಡ್ಡಪೇಟೆ ಚಿಕ್ಕಪೇಟೆಗಳೆಂಬ ಎರಡು ಹಿರಿಯ ಬೀದಿಗಳು ಒಂದನ್ನೊಂದು ಕತ್ತರಿಸುವಂತೆ ಹಾದುವು. ಅವುಗಳ ಸುತ್ತ ಒಂದೊಂದು ಕಸುಬಿನವರಿಗೆ ಒಂದೊಂದು ಕೇರಿ ಏರ್ಪಟ್ಟಿತು. ಅಕ್ಕಿಪೇಟೆ, ಅರಳೆಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ತಿಗಳರಪೇಟೆ ಮೊದಲಾದ ಹೆಸರುಗಳನ್ನು ಓದಿದರೆ ಸಾಕು, ಮಕ್ಕಳಿಗೆ ಅರ್ಧ ಪಾಠ ತಾನಾಗಿಯೇ ತಿಳಿಯುತ್ತದೆ. ಆದರೆ ಉಳಿದರ್ಧವೇ ಹೆಚ್ಚಿನದು. ಇಂದು ಕುಂಬಾರಪೇಟೆಗೆ ಹೋಗಿ ಕುಂಬಾರನ ತಿಗುರಿಯನ್ನು ಹುಡುಕುವ ವಿದ್ಯಾರ್ಥಿಗೆ ಅಲ್ಲಿ ಸಗಟು ವ್ಯಾಪಾರದ ಅಂಗಡಿಗಳು ಕಾಣುತ್ತವೆಯೇ ಹೊರತು ಹಸಿಮಣ್ಣು ಕಾಣದು. ಹಿಂದೆ ದೊಡ್ಡಪೇಟೆಯಾಗಿದ್ದ ಅವೆನ್ಯೂ ರಸ್ತೆ ಪುಸ್ತಕದ ಬೀದಿಯೆಂದು ಹೆಸರಾಯಿತು. ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂಗಳ ಅಂಗಡಿಗಳು ನಿಂತುವು. ಚಿಕ್ಕಪೇಟೆಯ ಬಟ್ಟೆ ವ್ಯಾಪಾರದಲ್ಲಿ ಮಾರವಾಡದಿಂದಲೂ ಗುಜರಾತಿನಿಂದಲೂ ಬಂದ ಮನೆತನಗಳು ಬೇರೂರಿದುವು. ಸಮುದಾಯವೆಂಬುದು ಒಂದೆಡೆ ನೆಟ್ಟ ಕಲ್ಲಲ್ಲ. ಅದು ಬರುತ್ತದೆ, ನಿಲ್ಲುತ್ತದೆ, ಕಸುಬು ಬದಲಿಸುತ್ತದೆ, ಮತ್ತೊಂದೆಡೆಗೆ ಹೊರಡುತ್ತದೆ.

ಈ ಚಲನೆಗೆ ಕಾರಣಗಳೂ ಮಕ್ಕಳಿಗೆ ತಿಳಿಯಬೇಕು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿದುದು, 1809ರಲ್ಲಿ ಹಲಸೂರಿನ ಕಡೆ ಇಂಗ್ಲಿಷರ ದಂಡು ನೆಲೆಯೂರಿದುದು, ಆ ದಂಡಿನ ಬೆನ್ನಹಿಂದೆ ತಮಿಳುಸೀಮೆಯ ವರ್ತಕರೂ ಕೆಲಸಗಾರರೂ ಬಂದು ನೆಲಸಿದುದು, 1898ರ ಪ್ಲೇಗಿನ ಹಾವಳಿಯಿಂದ ಕಂಗೆಟ್ಟ ಪೇಟೆಯ ಜನ ಬಸವನಗುಡಿ ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಸರಿದುದು, ಕೊನೆಗೆ 1949ರಲ್ಲಿ ಪೇಟೆ ದಂಡುಗಳೆರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದುದು, ಇವೆಲ್ಲವೂ ಒಂದೊಂದು ಮನೆತನದ ಕಥೆಯಲ್ಲಿ ಇಂದಿಗೂ ಅಡಗಿವೆ. ಆದ್ದರಿಂದ ಹೊರಡುವ ವಾರಕ್ಕೆ ಮೊದಲೇ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅಜ್ಜಿಯನ್ನೋ ತಾತನನ್ನೋ ಕೇಳಿ, ತಮ್ಮ ಮನೆಯವರು ಎಲ್ಲಿಂದ, ಯಾವಾಗ, ಏಕೆ ಈ ಊರಿಗೆ ಬಂದರೆಂಬುದನ್ನು ಬರೆದು ತರಬೇಕೆಂದು ವಿಧಿಸುವ ಉಪಾಧ್ಯಾಯರನ್ನು ನಾನು ಬಲ್ಲೆ. ಈ ಬರೆಹಗಳನ್ನು ತರಗತಿಯಲ್ಲಿ ಓದಿದಾಗ ಸಾಮಾನ್ಯವಾಗಿ ಆಗುವ ಆಶ್ಚರ್ಯವೆಂದರೆ, ಬಹುಪಾಲು ಮಕ್ಕಳ ಹಿರಿಯರು ಎಲ್ಲಿಂದಲೋ ಬಂದವರೇ ಆಗಿರುವುದು. ಹಾಗೆ ತಿಳಿದುಕೊಂಡು ಹೊರಟ ಗುಂಪು ಪರರ ಕೇರಿಗೆ ಹೋಗುವಾಗ ಮೂಗು ಮುರಿಯುವುದಿಲ್ಲ.

ಸಂಚಾರವನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ, ಹೂವಿನ ವ್ಯಾಪಾರ ಭರದಲ್ಲಿರುವ ಮುಂಜಾನೆ ಆರಂಭಿಸುವುದು ಉಚಿತ. ಸೇವಂತಿಗೆಯ ರಾಶಿಗಳ ನಡುವೆ ನಿಂತ ವಿದ್ಯಾರ್ಥಿಗೆ ಹತ್ತು ಹೆಜ್ಜೆಗಳ ಅಂತರದಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಉರ್ದುಗಳು ಕಿವಿಗೆ ಬೀಳುತ್ತವೆ. ಒಬ್ಬನೇ ವ್ಯಾಪಾರಿ ಮೂರು ಗಿರಾಕಿಗಳೊಡನೆ ಮೂರು ನುಡಿಗಳಲ್ಲಿ ಚೌಕಾಸಿ ಮಾಡುವುದನ್ನು ಅವನು ಕಾಣುತ್ತಾನೆ. ಗುಡಿಯ ತೇರಿಗೂ ದರ್ಗಾದ ಚಾದರಕ್ಕೂ ಇಗರ್ಜಿಯ ಹಬ್ಬಕ್ಕೂ ಮದುವೆಯ ಹಸೆಗೂ ಹೂ ಹೊರಡುವುದು ಇಲ್ಲಿಂದಲೇ. ಹೂ ಕಟ್ಟುವ ಹೆಂಗಸಿನ ಬಳಿ ಕುಳಿತು, ಬಾಳೆನಾರು ಎಲ್ಲಿಂದ ಬರುತ್ತದೆ, ಮೊಳದ ಲೆಕ್ಕವನ್ನು ಹೇಗೆ ಹಾಕುತ್ತಾರೆ, ಮಳೆ ಬಂದರೆ ಗತಿಯೇನು ಎಂದು ವಿಚಾರಿಸಿದ ಮಗುವಿಗೆ, ಸಮುದಾಯಗಳು ಒಂದನ್ನೊಂದು ಆಶ್ರಯಿಸಿ ಬದುಕುವ ಪರಿ ಪ್ರತ್ಯಕ್ಷವಾಗಿ ತಿಳಿಯುತ್ತದೆ.

ಅಲ್ಲಿಂದ ಕಬ್ಬನ್‌ಪೇಟೆಗೆ. ಇಲ್ಲಿ ಅವಸರ ಕೂಡದು. ಈ ಕೇರಿಯಲ್ಲಿ ದೇವಾಂಗರೇ ಮೊದಲಾದ ನೇಕಾರರ ಮನೆಗಳಲ್ಲಿ ತಲೆತಲಾಂತರದಿಂದ ರೇಷ್ಮೆಯ ನೇಯ್ಗೆ ನಡೆದುಬಂದಿತು. ಕುಣಿಮಗ್ಗಗಳು ಹೋಗಿ ವಿದ್ಯುನ್ಮಗ್ಗಗಳು ಬಂದುವು, ಅವುಗಳ ಸಂಖ್ಯೆಯೂ ಈಗ ಕ್ಷೀಣಿಸುತ್ತಿದೆ. ಆದರೂ ಇಕ್ಕಟ್ಟಾದ ಓಣಿಗಳಲ್ಲಿ ಅವುಗಳ ಸದ್ದು ಇನ್ನೂ ಪೂರ್ತಿ ಅಡಗಿಲ್ಲ. ಒಮ್ಮೆ ನಾನು ಇಂಥ ಗುಂಪೊಂದರ ಜೊತೆಗೆ ಹೋಗಿದ್ದಾಗ, ಏಳನೆಯ ತರಗತಿಯ ಹುಡುಗಿಯೊಬ್ಬಳು ಮಗ್ಗದ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದು, “ತಾತ, ಈ ಎಳೆ ಕಿತ್ತುಹೋದರೆ ಏನು ಮಾಡ್ತೀರಿ?” ಎಂದು ಕೇಳಿದಳು. ವೃದ್ಧ ನೇಕಾರರು ಮಗ್ಗವನ್ನು ನಿಲ್ಲಿಸಿ, “ಬಾಮ್ಮ, ಹತ್ತಿರ ಬಾ, ಅಲ್ಲಿಂದ ಕಾಣಿಸೋದಿಲ್ಲ” ಎಂದು ಕರೆದು, ಹಾಸಿನ ಒಂದು ಎಳೆಯನ್ನು ಬೇಕೆಂದೇ ಕಿತ್ತು, ತುದಿಗಳೆರಡನ್ನೂ ಬೆರಳಲ್ಲಿ ಹಿಡಿದು ಕ್ಷಣಮಾತ್ರದಲ್ಲಿ ಗಂಟು ಹಾಕಿ ತೋರಿಸಿದರು. ಗಂಟು ದಪ್ಪವಾದರೆ ಹಣಿಗೆಯಲ್ಲಿ ಸಿಕ್ಕಿ ಎಳೆ ಮತ್ತೆ ಕಿತ್ತುಹೋಗುವುದೆಂದೂ, ಸಡಿಲವಾದರೆ ಬಟ್ಟೆಯಲ್ಲಿ ಬಿರುಕು ಕಾಣುವುದೆಂದೂ, ಈ ಗಂಟನ್ನು ಕಲಿಯುವುದಕ್ಕೆ ತಮಗೆ ಬಾಲ್ಯದಲ್ಲಿ ಬಹಳ ಕಾಲ ಹಿಡಿಯಿತೆಂದೂ ಅವರು ಹೇಳಿದರು. ಬಳಿಕ ಲಾಳಿಯನ್ನು ತೆಗೆದು ಅದರೊಳಗಣ ಕಂಡಿಕೆಯನ್ನು ಅವಳ ಅಂಗೈ ಮೇಲೆ ಇಟ್ಟರು. ಮಕ್ಕಳೆಲ್ಲರೂ ಸರದಿಯ ಮೇಲೆ ಗಂಟು ಹಾಕಲೆತ್ನಿಸಿ ಸೋತರು. ದೇವಾಂಗರ ಕುಲದೇವತೆ ಯಾರು, ಹಬ್ಬ ಯಾವುದು, ಮನೆಯಲ್ಲಿ ಕನ್ನಡವೋ ತೆಲುಗೋ ಎಂಬ ಪ್ರಶ್ನೆಗಳು ತಾವಾಗಿಯೇ ಆಮೇಲೆ ಹುಟ್ಟಿದುವು. ಕಸುಬಿನ ಮೇಲಣ ಗೌರವವೇ ಆ ಸಂಭಾಷಣೆಗೆ ಬಾಗಿಲನ್ನು ತೆರೆದಿತ್ತು.

ಈ ಕೇರಿಗಳಲ್ಲಿ ಹೀಗೆ ಕುಳಿತು ಪ್ರಶ್ನೆ ಕೇಳಿದವರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೂ ಒಬ್ಬ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮದರಾಸಿನಿಂದ ಹೊರಟು ಬೆಂಗಳೂರಿಗೆ ಬಂದ ಆತ, ನೇಕಾರರು, ಬಣ್ಣಗಾರರು, ಎಣ್ಣೆ ತೆಗೆಯುವವರು, ವರ್ತಕರು, ಒಬ್ಬೊಬ್ಬರ ಬಳಿಗೂ ಹೋಗಿ ಅವರ ಕೆಲಸದ ವಿಧಾನವನ್ನೂ ಆಚಾರಗಳನ್ನೂ ಬರೆದುಕೊಂಡನು. ಆ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೊಸದಾಗಿ ಕೈವಶವಾದ ಸೀಮೆಯ ಸಂಪತ್ತನ್ನು ಅಳೆಯುವುದು ಅವನ ಒಡೆಯರ ಉದ್ದೇಶವಾಗಿತ್ತೆಂಬುದನ್ನು ಮರೆಯಲಾಗದು. ಆದರೂ ಎದುರಿಗಿರುವವನ ಕೆಲಸವನ್ನು ಸಣ್ಣ ಸಣ್ಣ ವಿವರಗಳವರೆಗೆ ತಿಳಿಯಬೇಕೆಂಬ ಅವನ ಶ್ರದ್ಧೆ ನಮ್ಮ ವಿದ್ಯಾರ್ಥಿಗಳಿಗೆ ಅನುಕರಣೀಯ. ಉದ್ದೇಶವೊಂದನ್ನು ಬದಲಿಸಿಕೊಂಡರೆ ಸಾಕು.

ಪೇಟೆಯ ಸಂಚಾರದ ಹೃದಯಭಾಗವೆಂದರೆ ತಿಗಳರಪೇಟೆಯ ಧರ್ಮರಾಯನ ದೇವಾಲಯ. ಹೂ ಹಣ್ಣು ತರಕಾರಿಗಳ ತೋಟಗಾರಿಕೆಯಲ್ಲಿ ಪರಿಣತರಾದ ತಿಗಳರು, ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಳ್ಳುವವರು, ದ್ರೌಪದಿಯನ್ನು ಆದಿಶಕ್ತಿಯೆಂದು ಆರಾಧಿಸಿ ಚೈತ್ರ ಶುದ್ಧ ಪೌರ್ಣಿಮೆಯ ರಾತ್ರಿ ಕರಗವನ್ನು ಹೊರಡಿಸುತ್ತಾರೆ. ಸೀರೆಯುಟ್ಟು ಬಳೆ ತೊಟ್ಟ ಅರ್ಚಕನು ಮಲ್ಲಿಗೆಯ ಗೋಪುರದಂತಿರುವ ಕರಗವನ್ನು ಕೈಯಿಂದ ಹಿಡಿಯದೆ ತಲೆಯ ಮೇಲೆ ಹೊತ್ತು, ಕತ್ತಿ ಹಿಡಿದ ವೀರಕುಮಾರರ ನಡುವೆ, ಬೆಳಗಾಗುವ ತನಕ ಪೇಟೆಯ ಬೀದಿಗಳಲ್ಲಿ ಸಂಚರಿಸುತ್ತಾನೆ. ಆ ವೀರಕುಮಾರರು ತಿಮಿರಾಸುರನೆಂಬ ರಾಕ್ಷಸನ ಸಂಹಾರಕ್ಕಾಗಿ ದ್ರೌಪದಿಯಿಂದ ಹುಟ್ಟಿದ ವೀರರ ಸಂತತಿಯೆಂದು ಆ ಜನರ ನಂಬಿಕೆ. ಸಂಚಾರದ ನಡುವೆ ಕರಗವು ಕಾಟನ್‌ಪೇಟೆಯಲ್ಲಿರುವ ತವಕ್ಕಲ್ ಮಸ್ತಾನ್ ಎಂಬ ಸೂಫಿ ಸಂತನ ದರ್ಗಾಕ್ಕೆ ಭೇಟಿಯಿತ್ತು ಮುಂದುವರಿಯುವುದು ಪರಂಪರೆಯಿಂದ ನಡೆದುಬಂದ ಪದ್ಧತಿ. ಸಂತನು ಹೈದರಾಲಿಯ ಕಾಲದವನೆಂದು ಪ್ರತೀತಿ. ಕರಗ ಅಲ್ಲಿಗೆ ಹೋಗಲಾರಂಭಿಸಿದ ಬಗೆಗೆ ಬೇರೆ ಬೇರೆ ಕಥೆಗಳಿವೆ. ಗುಡಿಯ ಹಿರಿಯರಿಂದ ಒಂದು ಕಥೆಯನ್ನೂ ದರ್ಗಾದ ಹಿರಿಯರಿಂದ ಇನ್ನೊಂದು ಕಥೆಯನ್ನೂ ಕೇಳಿ, ಎರಡನ್ನೂ ಅವರವರ ಮಾತಿನಲ್ಲಿಯೇ ಬರೆದುಕೊಳ್ಳುವುದಕ್ಕಿಂತ ಉತ್ತಮವಾದ ಇತಿಹಾಸದ ಪಾಠ ಹೈಸ್ಕೂಲಿನ ವಿದ್ಯಾರ್ಥಿಗೆ ದೊರೆಯಲಾರದು. ಆದರೆ ಮಕ್ಕಳನ್ನು ಕರಗದ ರಾತ್ರಿಯ ಜನಸಂದಣಿಗೆ ಕರೆದೊಯ್ಯುವುದು ಬೇಡ. ಅದಕ್ಕೆ ಕೆಲವು ವಾರಗಳ ಹಿಂದೆ ಯಾವುದಾದರೊಂದು ಸಾಮಾನ್ಯ ದಿನ ಹೋದರೆ ಗುಡಿಯವರಿಗೆ ಮಾತನಾಡಲು ಬಿಡುವಿರುತ್ತದೆ. ಹಬ್ಬದ ಬಗ್ಗೆ ಮಾತನಾಡುವ ಉತ್ಸಾಹವೂ ಆಗ ಮೂಡಿರುತ್ತದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮಕ್ಕಳಿಗೆ ಅರ್ಧಸತ್ಯವನ್ನು ಕಲಿಸಿದಂತಾಗುತ್ತದೆ. ಪೇಟೆಯಲ್ಲಿ ಸೌಹಾರ್ದವಿದ್ದಂತೆ ಕಲಹವೂ ಇತ್ತು. ಎಡಗೈ ಬಲಗೈ ಎಂಬ ಎರಡು ಪಂಗಡಗಳು, ಪಾಂಚಾಳರೂ ನಗರ್ತರೂ ಒಂದರ ಮುಂದಾಳುಗಳಾಗಿ, ಬಣಜಿಗರು ಮತ್ತೊಂದರ ಮುಂದಾಳುಗಳಾಗಿ, ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಮದುವೆಯ ಮೆರವಣಿಗೆಯಲ್ಲಿ ಕುದುರೆ ಏರುವ ಹಕ್ಕು ಯಾರಿಗೆ ಎಂಬ ವಿಷಯಗಳಲ್ಲಿ ಹೋರಾಡುತ್ತಿದ್ದುವು. ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬಗಳನ್ನು ನಿಲ್ಲಿಸುವ ಹಕ್ಕು ಬಲಗೈಯವರದು ಮಾತ್ರ, ಎಡಗೈಯವರು ಹನ್ನೊಂದಕ್ಕೆ ಮೀರಬಾರದು ಎಂಬಂಥ ವಾದವನ್ನು ಬುಕಾನನನು ದಾಖಲಿಸಿದ್ದಾನೆ. ಒಂದು ಕಂಬಕ್ಕಾಗಿ ಊರು ಹೊಡೆದಾಡಿತೆ ಎಂದು ಮಕ್ಕಳು ಬೆರಗಾಗುತ್ತಾರೆ. ಆ ಬೆರಗನ್ನು ಹಾಗೆಯೇ ಬಿಡದೆ, ಮಾನ ಮರ್ಯಾದೆಗಳಿಗಾಗಿ ಇಂದು ನಡೆಯುವ ಜಗಳಗಳ ಕಡೆಗೂ ಅವರ ಬುದ್ಧಿಯನ್ನು ತಿರುಗಿಸಬಲ್ಲ ಉಪಾಧ್ಯಾಯರು ಧನ್ಯರು. ಕೋಟೆಯ ಹೊರಗೆ ಬಾಳಬೇಕಾಗಿ ಬಂದ ದಲಿತರ ಕೇರಿಗಳ ಮಾತನ್ನೂ ಈ ಸಂದರ್ಭದಲ್ಲಿಯೇ, ಮುಚ್ಚುಮರೆಯಿಲ್ಲದೆ, ತೆಗೆಯಬೇಕು.

ದಂಡಿನ ಭಾಗವನ್ನು ನೋಡಲು ಬೇರೊಂದು ದಿನವನ್ನೇ ಮೀಸಲಿಡುವುದು ಲೇಸು. ಹಲಸೂರಿನ ಸೋಮೇಶ್ವರ ದೇವಾಲಯ, ಕೆರೆಯ ಬಳಿಯ ಗುರುದ್ವಾರ, ಶಿವಾಜಿನಗರದ ಸಂತ ಮೇರಿಯ ಇಗರ್ಜಿ, ಇವು ಸಮೀಪ ಸಮೀಪದಲ್ಲಿಯೇ ಇವೆ. ಗುರುದ್ವಾರದ ಲಂಗರಿನಲ್ಲಿ ನೆಲದ ಮೇಲೆ ಸಾಲಾಗಿ ಕುಳಿತು ರೊಟ್ಟಿ ಬೇಳೆಗಳನ್ನು ಉಣ್ಣುವ ಮಕ್ಕಳಿಗೆ ಸಮಾನತೆಯನ್ನು ಕುರಿತು ಪ್ರತ್ಯೇಕ ಉಪನ್ಯಾಸ ಬೇಕಾಗದು. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಮುನ್ನ ಸೀರೆಯುಡಿಸಿದ ಮೇರಿಮಾತೆಯ ಮುಂದೆ ಎಲ್ಲ ಮತದವರೂ ಮೊಂಬತ್ತಿ ಹಚ್ಚುವುದನ್ನು ಅಲ್ಲಿ ಕಾಣಬಹುದು. ಕುದುರೆಗಳ ವ್ಯಾಪಾರಕ್ಕಾಗಿ ಪರ್ಷಿಯಾದ ಷಿರಾಜಿನಿಂದ ಬಂದು ದಂಡಿನಲ್ಲಿ ನೆಲೆಸಿದ ಆಗಾ ಅಲಿ ಅಸ್ಕರನ ಮೊಮ್ಮಗನೇ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರೆಂಬುದನ್ನು ಇಲ್ಲಿ ಹೇಳದಿರಲಾಗದು. ಇನ್ನು ಕ್ವೀನ್ಸ್ ರಸ್ತೆಯ ಪಾರ್ಸಿ ಅಗ್ನಿದೇವಾಲಯ. ಅದರೊಳಗೆ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಹಾಗೆಂದು ಅದನ್ನು ಸಂಚಾರದ ಪಟ್ಟಿಯಿಂದ ತೆಗೆದುಹಾಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬಾಗಿಲ ಹೊರಗೆ ನಿಂತು, ಒಂದು ಸಣ್ಣ ಸಮುದಾಯ ತನ್ನ ಪವಿತ್ರವಾದುದನ್ನು ತನಗಾಗಿಯೇ ಕಾಪಾಡಿಕೊಳ್ಳುತ್ತದೆಂದೂ ಆ ಮಿತಿಯನ್ನು ಮನ್ನಿಸುವುದೂ ನೆರೆಹೊರೆಯ ಧರ್ಮವೆಂದೂ ಅರಿಯುವುದು ಚಿಕ್ಕ ಶಿಕ್ಷಣವಲ್ಲ.

ಹೊಸದಾಗಿ ಬಂದವರನ್ನೂ ಈ ಸಂಚಾರ ಒಳಗೊಳ್ಳಬೇಕು. ನಗರದ ಸಮುದಾಯಗಳೆಂದರೆ ನೂರು ವರ್ಷದ ಕಟ್ಟಡವುಳ್ಳವರು ಮಾತ್ರವೆಂಬ ಭಾವನೆ ಮಕ್ಕಳಲ್ಲಿ ನೆಲೆಯೂರಬಾರದು. ಬೆಳಗಾಗುವುದಕ್ಕೆ ಮೊದಲೇ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಅನೇಕರ ಮನೆಮಾತು ತೆಲುಗು. ಗಗನಚುಂಬಿ ಸೌಧಗಳಿಗೆ ಕಲ್ಲು ಮಣ್ಣು ಹೊರುವವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಗಳ ಕಡೆಯಿಂದ ಗುಳೆ ಬಂದ ಕುಟುಂಬಗಳುಂಟು. ಹೋಟೆಲುಗಳಲ್ಲಿ, ಕಾವಲು ಕೆಲಸದಲ್ಲಿ, ಮನೆಗೆಲಸದಲ್ಲಿ ಈಶಾನ್ಯ ರಾಜ್ಯಗಳವರೂ ಬಂಗಾಳದವರೂ ನೇಪಾಳದವರೂ ಇದ್ದಾರೆ. ಇವರಿಗೆ ತೋರಿಸಲು ಗೋಪುರವಿಲ್ಲ, ಹಬ್ಬಕ್ಕೆ ರಜೆಯೂ ಸಿಗುವುದಿಲ್ಲ. ಶಾಲೆಯ ಬೀದಿಯನ್ನೇ ಗುಡಿಸುವ ಅಮ್ಮನೊಬ್ಬಳನ್ನು, ಅವಳ ಬಿಡುವನ್ನು ಕೇಳಿಕೊಂಡು, ತರಗತಿಗೆ ಗೌರವದಿಂದ ಬರಮಾಡಿಕೊಂಡು, ಕುರ್ಚಿಯ ಮೇಲೆ ಕುಳ್ಳಿರಿಸಿ ಮಾತನಾಡಿಸಿದರೆ, ಮರುದಿನದಿಂದ ಆ ಮಕ್ಕಳು ಅವಳನ್ನು ಕಂಡಾಗ ಮುಖ ತಿರುಗಿಸಿಕೊಂಡು ಹೋಗಲಾರರು.

ನಡವಳಿಕೆಯ ವಿಷಯದಲ್ಲಿ ಕೆಲವು ಮಾತುಗಳು ಅನಿವಾರ್ಯ. ಗುಂಪು ಚಿಕ್ಕದಾಗಿರಬೇಕು, ಓಣಿಯ ಮನೆಯೊಂದರ ಜಗಲಿಯಲ್ಲಿ ಕೂರಬಲ್ಲಷ್ಟು ಮಕ್ಕಳಿದ್ದರೆ ಸಾಕು, ಮಿಕ್ಕವರಿಗೆ ಇನ್ನೊಂದು ದಿನ. ಉಪಾಧ್ಯಾಯರು ಮುಂಚಿತವಾಗಿ ತಾವೇ ಹೋಗಿ ಒಪ್ಪಿಗೆ ಪಡೆದು, ಯಾವ ಹೊತ್ತು ಮನೆಯವರಿಗೆ ಅನುಕೂಲವೆಂದು ತಿಳಿದು ಬರಬೇಕು. ಶುಕ್ರವಾರದ ಮಧ್ಯಾಹ್ನ ಮಸೀದಿಗೂ ಭಾನುವಾರದ ಬೆಳಗ್ಗೆ ಇಗರ್ಜಿಗೂ ಹೋಗಿ ಪ್ರಾರ್ಥನೆಗೆ ಅಡ್ಡಿಯಾಗಬಾರದು. ಕೇಳದೆ ಯಾರ ಛಾಯಾಚಿತ್ರವನ್ನೂ ತೆಗೆಯಬಾರದು. “ನಿಮ್ಮದು ಯಾವ ಜಾತಿ?” ಎಂದು ಆರಂಭಿಸುವ ಪ್ರಶ್ನೆಗಿಂತ “ನಿಮ್ಮ ಕೆಲಸವನ್ನು ನಮಗೆ ತೋರಿಸುವಿರಾ?” ಎಂಬ ಪ್ರಶ್ನೆ ಎಷ್ಟೋ ದೂರ ಕೊಂಡೊಯ್ಯುತ್ತದೆ. ಕೊಟ್ಟ ತಿಂಡಿಯನ್ನು ತಿನ್ನಲಾಗದ ನಿಯಮ ಯಾವ ಮಗುವಿಗಾದರೂ ಇದ್ದರೆ, ಅದನ್ನು ಕೈಮುಗಿದು ವಿನಯದಿಂದ ಹೇಳುವುದನ್ನು ಮೊದಲೇ ಕಲಿಸಿರಬೇಕು. ಮುಖ ಕಿವಿಚುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು. ಒಂದು ಬೆಳಗಿನಲ್ಲಿ ಮೂರು ಸ್ಥಳಗಳಿಗಿಂತ ಹೆಚ್ಚು ನೋಡಿಸಹೊರಟರೆ ಕಾಲು ಸೋಲುತ್ತದೆ, ಕಿವಿಯೂ ಸೋಲುತ್ತದೆ.

ಹಿಂದಿರುಗಿದ ಮೇಲೆ ಮಕ್ಕಳು ಬರೆಯುವ ಪ್ರಬಂಧವು ಉಪಾಧ್ಯಾಯರ ಮೇಜಿನ ಮೇಲೆ ಅಂಕ ಪಡೆದು ಕೊನೆಗಾಣುವುದು ನಮ್ಮಲ್ಲಿ ರೂಢಿ. ಹಾಗಾಗದೆ, ಯಾರ ಬಗ್ಗೆ ಬರೆದರೋ ಅವರ ಕೈಗೇ ಅದರ ಒಂದು ಪ್ರತಿಯನ್ನು ಮುಟ್ಟಿಸಿ, ಅವರು ಓದಿ ಅಥವಾ ಓದಿಸಿ ಕೇಳಿ ತಿದ್ದಿದುದನ್ನು ಮತ್ತೆ ಬರೆಯಿಸುವುದು ಬಹಳ ಒಳ್ಳೆಯ ಪದ್ಧತಿ. ನೇಕಾರರ ಬಗ್ಗೆ ಬರೆದ ಹುಡುಗ ಹಾಸು ಹೊಕ್ಕುಗಳನ್ನು ಅದಲುಬದಲು ಮಾಡಿದ್ದರೆ ಅದನ್ನು ತಿದ್ದಬಲ್ಲವರು ನೇಕಾರರೇ. ಗುಡಿಯ ಆಚಾರದ ಬಗ್ಗೆ ಊಹೆಯಿಂದ ಬರೆದುದನ್ನು ಹೊಡೆದುಹಾಕುವ ಅಧಿಕಾರ ಗುಡಿಯವರಿಗೇ ಸೇರಿದುದು. ತಿದ್ದಿದ ಬರೆಹಗಳನ್ನು ವರ್ಷ ವರ್ಷವೂ ಶಾಲೆಯ ಗ್ರಂಥಭಂಡಾರದಲ್ಲಿ ಕಟ್ಟಿಸಿ ಇಟ್ಟರೆ, ಮುಂದಿನ ತಂಡದವರು ಅವನ್ನು ಓದಿಕೊಂಡು ಹೊರಡಬಹುದು. ಯಾವ ಮಗ್ಗ ನಿಂತಿತು, ಯಾವ ಅಂಗಡಿ ಕೈಬದಲಾಯಿಸಿತು, ಯಾವ ಓಣಿಗೆ ಯಾವ ಹೊಸ ನುಡಿಯವರು ಬಂದರೆಂಬುದನ್ನು ಹಿಂದಿನ ವರ್ಷದ ಪುಟದ ಪಕ್ಕದಲ್ಲಿ ಬರೆಯಬಹುದು. ಇದಕ್ಕೆ ಬೇಕಾಗುವ ವೆಚ್ಚ ನಗರದ ಬಸ್ಸಿನ ಟಿಕೆಟು ಮತ್ತು ಒಂದಷ್ಟು ಕಾಗದ. ದೂರದ ಪ್ರವಾಸಕ್ಕೆ ಹಣ ಹೊಂದಿಸಲಾಗದೆ ಮನೆಯಲ್ಲಿಯೇ ಉಳಿಯುವ ಮಕ್ಕಳೂ ಈ ಯಾತ್ರೆಗೆ ಬರಬಲ್ಲರು.